ಊರು ತಪ್ಪಿದ ಗಾಜುಗಳು

ನನ್ನ ಅಪ್ಪ ಅರಣ್ಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ವರ್ಗವಾದ ಊರಿನಲ್ಲಿ ಬೇರೆಯವರು ಮೊದಲು ಮನೆ ಹುಡುಕಿದರೆ, ಅಪ್ಪ ಕೆರೆ ಹುಡುಕುತ್ತಿದ್ದ. ದಾಂಡೇಲಿಯ ಹೊಳೆದಂಡೆಯ ಬಂಡೆ, ಜೊಯಿಡಾ ಕಾಡಿನ ಒರತೆ, ಅತ್ತಿವೇರಿಯ ಹಳ್ಳ, ಎಲ್ಲ ಕಡೆಯಿಂದ ಔಷಧದ ಸೀಸೆಯಲ್ಲಿ ಪಾಚಿ ತರುತ್ತಿದ್ದ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಹುಬ್ಬಳ್ಳಿಯಲ್ಲಿ ಕೊಂಡ ಹಳೆಯ ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಒಂದು ಅರ್ಧಚಂದ್ರ, ಇನ್ನೊಂದು ಬಳೆಚೂರು. ಅವನ್ನು ಗಾಜಿನ ಪಟ್ಟಿಯ ಮೇಲೆ ಕೂಡಿಸಿ, ತೆಳುಗಾಜು ಮುಚ್ಚಿ, ತುದಿಗೆ ನಂಬರು ಮತ್ತು ಊರು ಬರೆದ ಚೀಟಿ ಅಂಟಿಸುತ್ತಿದ್ದ. ನಂಬರಿನ ಸಾಲಿನಂತೆ ಮರದ ಪೆಟ್ಟಿಗೆಯಲ್ಲಿ ಜೋಡಿಸಿ, ಯಾವ ನಂಬರು ಯಾವ ಊರಿನದು ಎಂದು ಒಂದು ವಹಿಯಲ್ಲೂ ಬರೆದಿಡುತ್ತಿದ್ದ.

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು," ಎನ್ನುತ್ತಿದ್ದಳು ಅವ್ವ. ಅಪ್ಪನಿಗೆ ಅದು ಕೇಳಿಸುತ್ತಲೇ ಇರಲಿಲ್ಲ. "ಊರು ತಪ್ಪಿದ್ರ ಇದು ಬರೇ ಗಾಜು, ತಂಗಿ," ಎಂದು ಮಗಳಾದ ನನಗೆ ಹೇಳುತ್ತಿದ್ದ. ಏಳನೇ ಇಯತ್ತೆ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೂ ಆಗಾಗ ಚೀಟಿ ಬರೆಯಲು ಕೊಡುತ್ತಿದ್ದ. ಕೈಹಿಡಿದು ಅಕ್ಷರ ಕಲಿಸಿದವನೇ ಆತ. ನನ್ನ ಬರಹ ಥೇಟ್ ಅಪ್ಪನದೇ ಎಂದು ಬೀಗುತ್ತಿದ್ದೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸು, ನಾವು ಹಳಿಯಾಳದಲ್ಲಿದ್ದಾಗಿನ ಮಾತು. ಮಳೆಗಾಲದ ತಂಪಿಗೆ ಚೀಟಿಗಳು ಕಿತ್ತುಬರುತ್ತಿದ್ದವು. ಮೈದಾ ಕುದಿಸಿ, ಹುಳ ಹತ್ತದಂತೆ ಚಿಟಿಕೆ ಮೈಲುತುತ್ತ ಬೆರೆಸಿ ಮತ್ತೆ ಅಂಟಿಸುವುದು ಪದ್ಧತಿ. ಆ ಸಲ ಅಪ್ಪ ಕಚೇರಿ ಕೆಲಸಕ್ಕೆಂದು ತಿಂಗಳ ಮಟ್ಟಿಗೆ ಮುಂಡಗೋಡಕ್ಕೆ ಹೋಗಿದ್ದ. ಶ್ರಾವಣ ಬೇರೆ, ಪೂಜೆಗೆ ಬರುವ ಅಯ್ಯನವರಿಗೆ ಊಟ ಹಾಕುವ ತಿಂಗಳು. "ಅಯ್ಯನೋರಿಗೆ ಅಡಗಿ ಆಗೂ ಒಲಿ ಇದು. ವಿಷ ತರಬ್ಯಾಡ ಇಲ್ಲಿ," ಎಂದಳು ಅವ್ವ. ಬರೀ ಮೈದಾ ಕುದಿಸಿಕೊಂಡೆ, ಹೊರಗೆ ಒಯ್ದು ಮೈಲುತುತ್ತ ಹಾಕಿದರಾಯಿತು ಎಂದುಕೊಂಡೆ. ಮರೆತು ಹಾಗೇ ಅಂಟಿಸಿದೆ.

ಅಪ್ಪ ಮರಳುವ ಎರಡು ದಿನ ಮುಂಚೆ ಪೆಟ್ಟಿಗೆ ತೆರೆದರೆ ಚೀಟಿಗಳನ್ನು ಹುಳ ತಿಂದಿತ್ತು. ಕೆಲವು ಪೂರ್ತಿ, ಕೆಲವು ಅರ್ಧ. ಗಾಬರಿಯಲ್ಲಿ ಎಲ್ಲ ಗಾಜು ತೆಗೆದು ಚಾಪೆಯ ಮೇಲೆ ಹರವಿ ಒರೆಸಿದೆ. ಇದ್ದ ಸಾಲೂ ತಪ್ಪಿತು. ಆಗಲಾದರೂ ಸುಮ್ಮನಿರಬೇಕಿತ್ತು. ಅಪ್ಪನ ವಹಿ ನೋಡಿ, ಉಳಿದ ನಂಬರುಗಳನ್ನು ಅಂದಾಜಿಗೆ ಹಂಚಿ, ಹಳೆಯ ಕಾಗದದ ಮೇಲೆ ಊರು ಬರೆದು ಅಂಟಿಸಿಬಿಟ್ಟೆ. ಅಪ್ಪ ಬಂದ, ಪೆಟ್ಟಿಗೆ ನೋಡಿದ, "ಛಲೋ ಇಟ್ಟೀ," ಎಂದ.

ಮರುವರ್ಷ ಧಾರವಾಡದ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಅಪ್ಪನ ಸಂಗ್ರಹ ನೋಡಲು ಬಂದರು. ಒಂದು ಗಾಜಿನ ಮೇಲೆ ಅವರ ಕಣ್ಣು ನಿಂತಿತು. ಇಂಥದ್ದನ್ನು ತಾವು ನೋಡಿಲ್ಲ, ಎಲ್ಲಿಯದು ಎಂದರು. ಚೀಟಿಯಲ್ಲಿ ಜೊಯಿಡಾದ ಒರತೆ ಎಂದಿತ್ತು. ಇಬ್ಬರೂ ಹೋಗಿ ನೀರು ತಂದು ನೋಡಿದರು. ಸಿಗಲಿಲ್ಲ. "ಬ್ಯಾರೆ ಕಡೇದ ಇರಬೇಕ್ರಿ," ಎಂದು ಅವರು ಮೆತ್ತಗೆ ಹೇಳಿ ಹೋದರು.

ಅಪ್ಪ ಒಪ್ಪಲಿಲ್ಲ. ಅಪರೂಪಕ್ಕೆ ಬರುವ ಬಸ್ಸು ಹಿಡಿದು ಮತ್ತೆರಡು ಸಲ ಹೋದ, ಜ್ವರ ಹೊತ್ತು ಬಂದ. ಮಾಡಿದ್ದುಣ್ಣೋ ಮಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವನು ಅಪ್ಪ. ನಾಲ್ಕನೆಯ ಸಲ ಚೀಲಕ್ಕೆ ಸೀಸೆ ತುಂಬುತ್ತಿದ್ದಾಗ ತಡೆಯಲಾಗಲಿಲ್ಲ.

"ಅಪ್ಪಾ, ಅದು ಜೊಯಿಡಾದ್ದಲ್ಲ. ಎಲ್ಲೀದೋ ನನಗೂ ಗೊತ್ತಿಲ್ಲ. ಹುಳ ತಿಂದಿತ್ತು, ಚೀಟಿ ನಾ ಬರದೆ."

ಅಪ್ಪ ಚೀಲ ಕೆಳಗಿಟ್ಟ. ಪೆಟ್ಟಿಗೆ ತಂದು ಕಿಟಕಿಯ ಹತ್ತಿರ ಇಟ್ಟ. "ಯಾವ್ಯಾವಕ್ಕ ಬರದಿ, ತೋರ್ಸು."

ಒಂದು ಗಾಜು ಎತ್ತಿದೆ, ಇನ್ನೊಂದು ಎತ್ತಿದೆ. ನನ್ನದು ಯಾವುದು, ಅಪ್ಪನದು ಯಾವುದು, ನನಗೇ ತಿಳಿಯಲಿಲ್ಲ. "ಗೊತ್ತಾಗವಲ್ದಪ್ಪಾ," ಎಂದೆ.

ಆತ ಭೂತಗಾಜು ಹಿಡಿದು ಒಂದೊಂದನ್ನೇ ನೋಡಿದ. ತನ್ನ ಅಕ್ಷರ ತನಗೇ ಗುರುತು ಹತ್ತಲಿಲ್ಲ. ಕೊನೆಗೆ, "ಭಾಳ ಛಲೋ ಬರದಿ, ತಂಗಿ," ಎಂದ. ಅದರಲ್ಲಿ ಸಿಟ್ಟಿರಲಿಲ್ಲ.

ತಪ್ಪು ತನ್ನದೆಂದು ಪ್ರಾಧ್ಯಾಪಕರಿಗೆ ಕಾರ್ಡು ಹಾಕಿದ. ಅಲ್ಲಿಯತನಕ ಕೂಡಿಸಿದ ಅಷ್ಟೂ ಗಾಜುಗಳಿದ್ದ ಆ ಪೆಟ್ಟಿಗೆಯ ಮೇಲೆ 'ಸ್ಥಳ ಖಚಿತವಿಲ್ಲ' ಎಂದು ಬರೆದ. ಪಾಚಿ ತರುವುದನ್ನು ಮಾತ್ರ ಕಡೆಯವರೆಗೂ ಬಿಡಲಿಲ್ಲ. ವಯಸ್ಸಾಗಿ ಕೈ ನಡುಗತೊಡಗಿದ ಮೇಲೂ ಚೀಟಿಗಳನ್ನು ತಾನೇ ಬರೆಯುತ್ತಿದ್ದ. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಒಂದು ಸಲವೂ ಲೇಖನಿಯನ್ನು ನನ್ನ ಕೈಗೆ ಕೊಡಲಿಲ್ಲ.