ಹಿಮದ ನಾಡಿನ ಪತ್ತೇದಾರಿಣಿ, ಹುನಗುಂದದ ನಾನು

ಸ್ವೀಡನ್, ನಾರ್ವೆ ಕಡೆಯ ಕೊಲೆ ಕಾದಂಬರಿಗಳ ಹುಚ್ಚು ನನಗೆ ಹಿಡಿದದ್ದು ಬಸ್ಸಿನಲ್ಲಿ. ಹುನಗುಂದದಿಂದ ಬಾಗಲಕೋಟೆಯ ಕಾಲೇಜಿಗೆ ದಿನಾ ಪಾಠ ಹೇಳಲು ಹೋಗುವ ನನಗೆ ಅಮೀನಗಡ ಬರುವಷ್ಟರಲ್ಲಿ ಒಂದು ಹೆಣ ಬಿದ್ದಿರಲೇಬೇಕು. ಸಂಜೆ ಮನೆಗೆ ಬಂದರೆ ನಮ್ಮವರು, "ಇವತ್ತ ಯಾರನ್ನ ಹೊಡದ್ರು?" ಎಂದು ಕಾಡುತ್ತಾರೆ.

ಕೊಲೆಗಾರ ಯಾರೆಂಬುದು ನನಗೆ ಅಷ್ಟು ಮುಖ್ಯವಲ್ಲ. ನನಗೆ ಬೇಕಾದದ್ದು ಆ ಕಥೆಗಳ ಪತ್ತೇದಾರಿಣಿ. ಆಕೆ ತಲೆ ಬಾಚಿಕೊಳ್ಳುವುದಿಲ್ಲ, ಯಾರ ಮನೆಗೆ ಹೋದರೂ ನಗುವುದಿಲ್ಲ. ಅಡುಗೆ ಬಾರದು, ಗಂಡ ಜೊತೆಗೆ ನಿಲ್ಲಲಿಲ್ಲ, ಮೇಲಧಿಕಾರಿಗೆ ಎದುರುತ್ತರ ಕೊಡುತ್ತಾಳೆ. ಹೆಣ್ಣು ಹೀಗಿರಬಾರದು ಎಂದು ನನ್ನ ಅವ್ವ ಬಡಿದು ಕಲಿಸಿದ್ದೆಲ್ಲ ಆಕೆಯಲ್ಲಿದೆ. ಸತ್ತವಳು ಯಾರಿಗೂ ಬೇಡವಾದಾಗಲೂ ಆಕೆ ಮಾತ್ರ ಶವಾಗಾರದಲ್ಲಿ ನಿಂತು, ಇದು ಹೇಗಾಯಿತು ಎಂದು ಕೇಳುತ್ತಾಳೆ. ಅಲ್ಲಿ ಹೆಣ ವಾರಗಟ್ಟಲೆ ಆಕೆಯ ಪ್ರಶ್ನೆಗೆ ಕಾಯುತ್ತದೆ. ನಮ್ಮಲ್ಲಿ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು.

ಹೋದ ವರ್ಷ ಪಕ್ಕದ ಮನೆಯ ಸೊಸೆ ಸತ್ತಳು. ಮೂವತ್ತೂ ತುಂಬಿರಲಿಲ್ಲ, ಎರಡು ವರ್ಷದ ಮಗಳಿದ್ದಳು. ಎದೆನೋವೆಂದಳು, ದವಾಖಾನೆಗೆ ಒಯ್ಯುವ ಮೊದಲೇ ಹೋದಳು ಎಂದರು. ತವರು ಚೊಳಚಗುಡ್ಡ, ಅವರು ಬಂದು ಮುಟ್ಟುವುದರೊಳಗೆ ಜಳಕ ಮಾಡಿಸಿ, ವಿಭೂತಿ ಹಚ್ಚಿ, ನಮ್ಮ ರೂಢಿಯಂತೆ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಬೇಕಿತ್ತು. ಓದಿದವಳು, ಹೆದರುವುದಿಲ್ಲ ಎಂದು ನನ್ನನ್ನು ಕರೆದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು, ನಾಚಿಕೆಗೇಡು.

ನೀರು ಹಾಕುವಾಗ ಕೊರಳಿನ ಮೇಲೆ ಕಲೆ ಕಂಡವು. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಒಂದು. ಅದು ಕೈಯ ಗುರುತೆಂದು ಇಷ್ಟು ಪುಸ್ತಕ ಓದಿದವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಲೆಯೆತ್ತಿದೆ. ಸತ್ತವಳ ಅತ್ತೆ ನನ್ನನ್ನೇ ನೋಡುತ್ತಿದ್ದಳು.

"ಲಗೂನ ವಿಭೂತಿ ಹಚ್ಚವಾ. ಕೊರಳಿಗೆ ದಪ್ಪಗ ಹಚ್ಚು," ಅಂದಳು.

ಹಚ್ಚಿದೆ. ಒಂದು ಕಲೆಯೂ ಕಾಣದಂತೆ ಹಚ್ಚಿದೆ. ಬೆಳಗಾದರೆ ಮುಖ ನೋಡಬೇಕಾದ ಮಂದಿ, ಗೋಡೆಗೆ ಗೋಡೆ ಹತ್ತಿದ ಮನೆ, ನಮಗ್ಯಾಕೆ ಉಸಾಬರಿ ಎಂದುಕೊಂಡೆ. ತವರಿನವರು ಬಂದಾಗ ಮಗಳು ಬೆಳ್ಳಗೆ, ಹೂವಿನ ನಡುವೆ ಕೂತಿದ್ದಳು. ಅವಳ ತಾಯಿ ನನ್ನ ಕೈ ಹಿಡಿದು, "ಎಷ್ಟ ಚಂದ ಮಾಡೀಯವಾ," ಎಂದು ಅತ್ತಳು. ಅವತ್ತಿನಿಂದ ನನ್ನನ್ನು ಕಂಡರೆ ನನಗೇ ಹೇಸಿಗೆ. ಪುಸ್ತಕ ಮಾತ್ರ ಬಿಟ್ಟಿಲ್ಲ, ಮೊದಲಿಗಿಂತ ಹೆಚ್ಚು ಓದುತ್ತೇನೆ. ನಾನು ಕೇಳದ್ದನ್ನು ಅಲ್ಲಿಯಾದರೂ ಒಬ್ಬಳು ಕೇಳುತ್ತಾಳಲ್ಲ.

ಹದಿನೈದು ದಿನದ ಕೆಳಗೆ ಆ ತಾಯಿ ನಮ್ಮ ಮನೆಗೆ ಬಂದಳು, ಜೊತೆಗೆ ಡಿಗ್ರಿ ಮುಗಿಸಿದ ಕಿರಿಮಗಳು.

"ಸಣ್ಣಾಕಿನ್ನ ಅದ ಮನಿಗೆ, ಅದ ಅಳಿಯಗ ಕೇಳಾಕತ್ಯಾರ. ಕೂಸಿಗೂ ಆಸರಾಕ್ಕೈತಿ," ಅಂದಳು. "ಈಕಿ ಒಲ್ಲೆ ಅಂತಾಳ. ಅಕ್ಕನ ಸಾವಿನ ಮ್ಯಾಲ ಸಂಶೆ ಈಕಿಗೆ. ಅವತ್ತ ಆಕಿನ್ನ ಮುಟ್ಟಿದಾಕಿ ನೀನ. ನೀ ಹೇಳಿದಂಗ ಕೇಳ್ತೇವಿ. ಹೆಂಗದಾರವಾ ಮಂದಿ?"

ಹುಡುಗಿ ಕಣ್ಣು ಮಿಟುಕಿಸದೆ ನನ್ನ ಮುಖ ನೋಡುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದರೆ, ವರ್ಷವಿಡೀ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಕೇಳುತ್ತಾರೆ. ಕಲೆ ಮುಚ್ಚಿದ ಕೈ ಯಾರದೆಂದೂ ಕೇಳುತ್ತಾರೆ.

"ಚಲೋ ಮಂದಿ ಅದಾರ್ರಿ," ಅಂದೆ.

ತಾಯಿ ಮಗಳ ಕಡೆ ತಿರುಗಿ, "ಕೇಳಿದಿಲ್ಲ?" ಅಂದಳು. ಹುಡುಗಿ ತಲೆ ತಗ್ಗಿಸಿದಳು.

ಲಗ್ನ ಬರುವ ಸೋಮವಾರ.