ಎಲಿಯಾನ್ ಸೈಕಲ್ ಹತ್ತಿದ ಬೇಸಿಗೆ

ಸೆಲೆ ನದಿಯ ದಂಡೆಯ ಊರುಗಳಲ್ಲಿ ಎಲಿಯಾನ್ ಲಗಾರಿಗ್ ಎಂಬವಳ ಕತ್ತರಿಗೆ ತಲೆ ಕೊಡದ ಹೆಂಗಸರು ಕಡಿಮೆ. ಚರ್ಚಿನ ಎದುರಿಗೆ ಎರಡು ಕುರ್ಚಿ, ಒಂದು ಕನ್ನಡಿ ಇದ್ದ ಪುಟ್ಟ ಅಂಗಡಿ ಅವಳದು. ಆಳು ಎತ್ತರ, ದನಿ ದೊಡ್ಡದು, ನಗು ಅದಕ್ಕಿಂತಲೂ ದೊಡ್ಡದು. ಅವಳು ನಕ್ಕರೆ ಸೇತುವೆಯಾಚೆ ಬಟ್ಟೆ ಒಣಹಾಕುತ್ತಿದ್ದವರಿಗೂ ಕೇಳಿಸುತ್ತಿತ್ತು.

ಅವಳ ಗಂಡ ನೊಯೆಲ್ ಕಲ್ಲು ಕಟ್ಟುವ ಮೇಸ್ತ್ರಿ. ಹೆಂಡತಿಯ ಭುಜದ ತನಕ ಬರುವ, ಗಟ್ಟಿಮುಟ್ಟಾದ, ಕಡಿಮೆ ಮಾತಿನ ಮನುಷ್ಯ. ಕಣಿವೆಯ ಹಳೇ ಕೋಟೆಗಳು, ಚರ್ಚುಗಳು, ಪಾರಿವಾಳ ಸಾಕುವ ಗೋಪುರಗಳು ಇವುಗಳಲ್ಲಿ ಅವನ ಕೈ ತಾಗದ ಗೋಡೆ ಹುಡುಕಬೇಕಿತ್ತು. ಆದರೆ ಭಾನುವಾರ ಬಂತೆಂದರೆ ಅವನು ಕಲ್ಲನ್ನೂ ಮರೆಯುತ್ತಿದ್ದ, ಹೆಂಡತಿಯನ್ನೂ ಮರೆಯುತ್ತಿದ್ದ. ಮೈಗಂಟಿದ ಹಳದಿ ಅಂಗಿ ತೊಟ್ಟು, ಊರಿನ ಸೈಕಲ್ ಸಂಘದ ಗಂಡಸರ ಜತೆ ಕಣಿವೆಯ ರಸ್ತೆಯಲ್ಲಿ ತಲೆ ತಗ್ಗಿಸಿ ತುಳಿಯುವುದೇ ಅವನ ಪೂಜೆ. ಸಂಘಕ್ಕೆ ಅಧ್ಯಕ್ಷ ಮಾಂಸದಂಗಡಿಯ ವೆಸಾದ್. ಅವನ ಹಿಂದಿನ ಚಕ್ರಕ್ಕೆ ಕಣ್ಣು ನೆಟ್ಟುಕೊಂಡೇ ನೊಯೆಲ್ ಅರ್ಧ ಆಯುಷ್ಯ ಕಳೆದಿದ್ದ.

ಆ ಗಂಡಸರ ಹಿಂದೆ ಬಿಳಿ ವ್ಯಾನಿನಲ್ಲಿ ಊಟ, ನೀರು, ಬದಲಿ ಚಕ್ರ, ಒಣ ಅಂಗಿಗಳನ್ನು ಹೇರಿಕೊಂಡು ಹೋಗುವವಳು ಎಲಿಯಾನ್. ಅವರಿಗಿಂತ ಮುಂದೆ ಹೋಗಿ ಸೇತುವೆಯ ಬಳಿಯೋ ಕೋಟೆಯ ಬುಡದಲ್ಲೋ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಕಾಯುವ ಹೊತ್ತಿನಲ್ಲಿ ನದಿಯ ಬಣ್ಣ ನೋಡುತ್ತಿದ್ದಳು, ಬಂಡೆಯ ಸಂದುಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳನ್ನು ನೋಡುತ್ತಿದ್ದಳು. ಸಂಜೆ ಮನೆಗೆ ಬಂದ ಮೇಲೆ ತಾನು ಕಂಡದ್ದನ್ನು ಹೇಳಲು ಹೊರಟರೆ ನೊಯೆಲ್ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಒಂದೇ ಮಾತು ಹೇಳುತ್ತಿದ್ದ: ಇವತ್ತು ಎದುರುಗಾಳಿ. ಎದುರುಗಾಳಿ ಇಲ್ಲದ ಭಾನುವಾರ ವೆಸಾದ್ ತಿರುವಿನಲ್ಲಿ ಮೋಸ ಮಾಡಿರುತ್ತಿದ್ದ.

ಹೀಗೆ ನಡೆದುಕೊಂಡು ಬರುತ್ತಿದ್ದ ಸಂಸಾರಕ್ಕೆ ಒಂದು ವಸಂತದಲ್ಲಿ ಕೋಳಿಯೊಂದು ಅಡ್ಡ ಬಂತು. ನೊಯೆಲ್ ಸೈಕಲ್ ಸಮೇತ ಬಿದ್ದು ಭುಜದ ಮೂಳೆ ಮುರಿದುಕೊಂಡ. ಕೋಟೆಯ ಇಳಿಜಾರಿನಲ್ಲಿ ಬಿದ್ದೆನೆಂದು ಅವನು ಊರಿಗೆಲ್ಲ ಹೇಳಿದ. ಬಿದ್ದದ್ದು ಮನೆಯ ಅಂಗಳದಲ್ಲಿ, ಕೋಳಿಯನ್ನು ತಪ್ಪಿಸಲು ಹೋಗಿ, ಎಂದು ಎಲಿಯಾನ್ ಮೊದಲ ಗಿರಾಕಿಯ ತಲೆ ತೊಳೆಯುವಾಗಲೇ ಹೇಳಿಬಿಟ್ಟಳು. ಮಧ್ಯಾಹ್ನದೊಳಗೆ ವೆಸಾದ್ ತನ್ನ ಅಂಗಡಿಯ ಗಾಜಿನ ಹಿಂದೆ ಪುಕ್ಕ ಕಿತ್ತ ಕೋಳಿಯೊಂದಕ್ಕೆ ಸಂಘದ ಹಳದಿ ಅಂಗಿ ತೊಡಿಸಿ ಕೂರಿಸಿದ್ದ. ನೊಯೆಲ್ ಆ ಬೀದಿಯಲ್ಲಿ ಓಡಾಡುವುದನ್ನೇ ಕೆಲವು ದಿನ ಬಿಟ್ಟ.

ಸೋಮವಾರ ಎಲಿಯಾನಳ ಅಂಗಡಿಗೆ ರಜೆ. ಅಂಥ ಒಂದು ಸೋಮವಾರ ಅವಳು ಗೋಡೆಗೆ ಒರಗಿದ್ದ ಗಂಡನ ಸೈಕಲ್ಲನ್ನು ಹೊರಗೆ ತಂದಳು. ಕೈಯನ್ನು ಬಟ್ಟೆಯಿಂದ ಕೊರಳಿಗೆ ತೂಗುಹಾಕಿಕೊಂಡು ಬಾಗಿಲಲ್ಲಿ ಕೂತಿದ್ದ ನೊಯೆಲ್ ಎಲ್ಲಿಗೆಂದು ಕೇಳಿದ. ಇಲ್ಲೇ, ತಿರುವಿನ ತನಕ, ಎಂದಳು. ತಿರುವಿನ ತನಕ ಹೋದವಳು ಬಂದದ್ದು ಊಟದ ಹೊತ್ತು ಮೀರಿದ ಮೇಲೆ. ಕಾಲಿಗೆಲ್ಲ ಕೆಸರು, ಮುಖ ಕೆಂಪು, ಕೂದಲು ಕಾಗೆಗೂಡು. ನೊಯೆಲ್ ಅವಳನ್ನು ನೋಡಲಿಲ್ಲ, ಸೈಕಲ್ ನೋಡಿದ.

"ಸೀಟು ಎತ್ತರಿಸಿದೀಯಾ?"

"ನಿನ್ನ ಅಳತೇಲಿ ಕೂತ್ರೆ ಮಂಡಿ ಬಂದು ಗಲ್ಲಕ್ಕೆ ಬಡಿಯುತ್ತೆ ಕಣೋ," ಎಂದಳು ಎಲಿಯಾನ್.

ಭುಜದ ನೋವಿಗಿಂತ ಈ ಮಾತೇ ಅವನಿಗೆ ಹೆಚ್ಚು ನೋಯಿತೆಂದು ಕಾಣುತ್ತದೆ. ಆ ರಾತ್ರಿ ಊಟದಲ್ಲಿ ಅವನು ಚೀಸನ್ನೂ ಮುಟ್ಟಲಿಲ್ಲ. ಆದರೆ ಸೀಟು ಮಾತ್ರ ಕೆಳಗಿಳಿಯಲಿಲ್ಲ. ಸೋಮವಾರಗಳು ಉರುಳಿದವು, ಎಲಿಯಾನ್ ತಿರುವಿನಿಂದ ಸೇತುವೆಗೆ, ಸೇತುವೆಯಿಂದ ಮುಂದಿನ ಊರಿಗೆ ದಾರಿ ಬೆಳೆಸಿಕೊಂಡಳು.

ಜೂನ್ ತಿಂಗಳಲ್ಲಿ ಸಂಘದ ದೊಡ್ಡ ಸವಾರಿ. ನದಿಯ ಗುಂಟ ಮಾರ್ಸಿಯಾಕ್ ಊರಿನ ಹಾಳುಬಿದ್ದ ಮಠದ ತನಕ ಹೋಗಿ, ಚಾವಣಿಯಿಲ್ಲದ ಕಮಾನುಗಳ ಕೆಳಗೆ ಊಟ ಮಾಡಿ, ಗುಡ್ಡದ ಮೇಲಿನ ದಾರಿಯಿಂದ ಮನೆಗೆ ಬರುವುದು. ಡಾಕ್ಟರು ನೊಯೆಲನಿಗೆ ವ್ಯಾನ್ ನಡೆಸಲು ಒಪ್ಪಿಗೆ ಕೊಟ್ಟರು, ಸೈಕಲ್ಲಿಗೆ ಕೊಡಲಿಲ್ಲ. ಹಾಗಾದರೆ ಸರಿಹೋಯಿತು, ಊಟ ಈ ಸಲ ನೀನು ತಾ, ಸೈಕಲ್ ನಾನು ತರುತ್ತೇನೆ, ಎಂದಳು ಎಲಿಯಾನ್. ನೊಯೆಲ್ ನಕ್ಕ. ಅವಳು ನಗಲಿಲ್ಲ. ಅವನ ಸೂಪು ತಣ್ಣಗಾಯಿತು.

ವೆಸಾದನಿಗೂ ಇದು ರುಚಿಸಲಿಲ್ಲ. ಸಂಘಕ್ಕೆ ನಿಯಮ ಎನ್ನುವುದೇ ಇರಲಿಲ್ಲವಾದ್ದರಿಂದ ನಿಯಮ ತೋರಿಸಿ ತಡೆಯುವಂತಿರಲಿಲ್ಲ. ಮಾಂಸ ಕಟ್ಟಿಕೊಡುತ್ತ ಮೆಲ್ಲಗೆ ಮಾತು ತೆಗೆದ.

"ನೋಡು ಮಾರಾಯ್ತಿ, ದಾರೀಲಿ ನಿಂಗೋಸ್ಕರ ಕಾಯ್ತಾ ಕೂರಕ್ಕಾಗಲ್ಲ ನಮಗೆ."

"ಇಷ್ಟು ವರ್ಷ ನಿಮಗೋಸ್ಕರ ಕಾದಿದ್ದು ಯಾರಪ್ಪ?" ಎಂದು ಕೇಳಿ, ಪೊಟ್ಟಣ ಎತ್ತಿಕೊಂಡು ಅವಳು ಹೊರಟುಹೋದಳು.

ಆ ಭಾನುವಾರ ಬೆಳಗ್ಗೆ ನದಿಯ ಮೇಲೆ ಮಂಜಿತ್ತು. ನೊಯೆಲ್ ವ್ಯಾನಿಗೆ ಊಟ ತುಂಬಿಕೊಂಡು ನಿಧಾನಕ್ಕೆ ಹಿಂದಿನಿಂದ ಬರುವವನಿದ್ದ. ಮೊದಲ ಏರಿನಲ್ಲೇ ಎಲಿಯಾನ್ ಹಿಂದೆ ಬಿದ್ದಳು. ಬಯಲಿಗೆ ಬಂದಾಗ ಪಶ್ಚಿಮದ ಗಾಳಿ ಎದೆಗೇ ಬಡಿಯಿತು. ಗಂಡ ಹೇಳುತ್ತಿದ್ದದ್ದು ಪೂರಾ ಸುಳ್ಳಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಹೇಗೋ ತುಳಿದು ವೆಸಾದನ ಬೆನ್ನಿಗೆ ಅಂಟಿಕೊಂಡಳು. ಅವನದು ಬೀರುವಿನಂಥ ಬೆನ್ನು. ಅದರ ಮರೆಯಲ್ಲಿ ಒಂದು ಎಲೆಯೂ ಅಲುಗುವಂತಿರಲಿಲ್ಲ. ಅವನು ಜೋರಾದರೆ ಅವಳೂ ಜೋರಾದಳು, ಅವನು ತಿರುಗಿ ನೋಡಿದರೆ ನಕ್ಕಳು. ಮಠದ ಮುರುಕು ಗೋಡೆಗಳು ಕಾಣಿಸಿದಾಗ ಅವಳ ಹಿಂದೆ ಇನ್ನೂ ಇಬ್ಬರು ಗಂಡಸರಿದ್ದರು.

ಆದರೆ ವ್ಯಾನ್ ಇರಲಿಲ್ಲ.

ಮೊದಲು ತಮಾಷೆ ಮಾಡಿದರು. ನೊಯೆಲ್ ಗೇರ್ ಹುಡುಕುತ್ತಿರಬೇಕು ಎಂದರು, ಇನ್ನೊಂದು ಕೋಳಿ ಸಿಕ್ಕಿರಬೇಕು ಎಂದರು. ಒಂದು ಗಂಟೆ ಹೊಡೆಯಿತು. ತಮಾಷೆ ನಿಂತು, ಬಾತುಕೋಳಿ ಮಾಂಸ ತುಂಬಿ ಸುಟ್ಟ ಪೈ, ಮೇಕೆಹಾಲಿನ ಚೀಸು, ಅಕ್ರೋಟಿನ ಕೇಕುಗಳ ವಿಚಾರ ಶುರುವಾಯಿತು. ಊರಿನ ಒಂದೇ ಹೋಟೆಲಿನವರು ಮಗಳ ಮದುವೆಗೆಂದು ಬಾಗಿಲು ಹಾಕಿದ್ದರು. ಕಿಸೆಯಲ್ಲಿ ಫೋನ್ ಇಟ್ಟುಕೊಂಡು ಓಡಾಡುವ ಕಾಲವೂ ಅದಲ್ಲ. ಗಂಡಸರೆಲ್ಲ ಮಠದ ಹಿಂದಿನ ಚೆರ್ರಿ ಮರಕ್ಕೆ ಮುತ್ತಿದರು.

ಎಲಿಯಾನ್ ಚೆರ್ರಿ ತಿನ್ನಲಿಲ್ಲ. ಗಂಡನ ಭುಜ, ನದಿಯಂಚಿನ ತಿರುವುಗಳು, ಹಳೇ ವ್ಯಾನಿನ ಬ್ರೇಕು, ಇವೆಲ್ಲ ಒಟ್ಟಿಗೇ ಅವಳ ತಲೆಯಲ್ಲಿ ಸುತ್ತತೊಡಗಿದ್ದವು. ಎದ್ದು ಸೈಕಲ್ ತಿರುಗಿಸಿದಳು. ನಾನೂ ಬರುತ್ತೇನೆಂದು ವೆಸಾದ್ ಎದ್ದ, ಮೀನಖಂಡ ಹಿಡಿದುಕೊಂಡು ಅಲ್ಲೇ ಕೂತ.

ಈಗ ಗಾಳಿ ಬೆನ್ನ ಹಿಂದೆ. ಅಷ್ಟು ಜೋರಾಗಿ ಅವಳು ಹುಟ್ಟಿದಮೇಲೆ ಸೈಕಲ್ ತುಳಿದಿರಲಿಲ್ಲ. ಪ್ರತಿ ತಿರುವಿನಲ್ಲೂ ಕೆಳಗೆ ನದಿಯತ್ತ ಇಣುಕುತ್ತ, ಬಿಳಿಯದೇನಾದರೂ ಕಂಡರೆ ಬ್ರೇಕು ಒತ್ತಿ, ಅದು ಬಾತುಗಳೋ ಬಂಡೆಯೋ ಎಂದು ಗೊತ್ತಾದ ಮೇಲೆ ಮತ್ತೆ ತುಳಿಯುತ್ತ ಹೋದಳು. ಕೊನೆಗೆ ದೊಡ್ಡ ಬಂಡೆಗೋಡೆಯ ಕೆಳಗೆ, ಅಕ್ರೋಟಿನ ಮರಗಳ ನೆರಳಲ್ಲಿ ವ್ಯಾನ್ ಕಂಡಿತು. ಜಜ್ಜಿಲ್ಲ, ಕೆಟ್ಟಿಲ್ಲ, ಬೀಗ ಹಾಕಿ ನಿಲ್ಲಿಸಿದೆ. ಗಾಜಿನ ಮೂಲಕ ಪೈಗಳು ಸಾಲಾಗಿ ಕೂತದ್ದು ಕಾಣುತ್ತಿತ್ತು. ನೊಯೆಲ್ ಮಾತ್ರ ಇಲ್ಲ.

"ಎಲಿಯಾನ್, ಮೇಲೆ ನೋಡೇ."

ತಲೆಯೆತ್ತಿದಳು. ಬಂಡೆಯ ಅರ್ಧದಲ್ಲಿ ಒಂದು ಗವಿ. ನೂರಾರು ವರ್ಷಗಳ ಹಿಂದಿನ ಯುದ್ಧಕಾಲದಲ್ಲಿ ಅದರ ಬಾಯಿಗೆ ಗೋಡೆ ಕಟ್ಟಿ, ಕಿಟಕಿಯಿಟ್ಟು, ಇಂಗ್ಲಿಷ್ ಸೈನಿಕರು ಅಡಗಿದ್ದರಂತೆ. ಇಂಗ್ಲಿಷರ ಕೋಟೆ ಎಂದೇ ಅದಕ್ಕೆ ಹೆಸರು. ಆ ಕಿಟಕಿಯಲ್ಲಿ ಈಗ ನೊಯೆಲನ ತಲೆ.

ಕೆಳಗೆ ಬಾ ಎಂದಳು. ಬರಲಾಗುವುದಿಲ್ಲವೆಂದ. ಹತ್ತುವಾಗ ಬಂಡೆಗೆ ಬಡಿದಿದ್ದ ಕಬ್ಬಿಣದ ಮೆಟ್ಟಿಲುಗಳ ಪೈಕಿ ಕೆಳಗಿನವು ತುಕ್ಕು ಹಿಡಿದು ಕಿತ್ತುಬಂದವಂತೆ. ನೇತಾಡಿ ಹಾರಲು ಭುಜ ಬಿಡುವುದಿಲ್ಲ. ಕೂಗಿ ಕೂಗಿ ಗಂಟಲು ಒಣಗಿದೆ. ವ್ಯಾನಿನ ಕೀಲಿ ಅವನ ಕಿಸೆಯಲ್ಲೇ ಇದೆ. ಎಲಿಯಾನಳಿಗೆ ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ನಕ್ಕಳು. ಆ ನಗು ಬಂಡೆಗೆ ಬಡಿದು ಕಣಿವೆಯ ಆಚೆಗೂ ಹೋಗಿರಬೇಕು. ಪಕ್ಕದ ತೋಟದಿಂದ ಹೊನೊರಿನ್ ಎಂಬ ಮುದುಕಿ ಹೊರಗೆ ಬಂದಳು. ಕಿವಿ ಮಂದವಾದ್ದರಿಂದ ಇಷ್ಟು ಹೊತ್ತೂ ಅವಳಿಗೆ ಏನೂ ಕೇಳಿಸಿರಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು.

"ಇಂಗ್ಲಿಷ್ನೋರು ಇನ್ನೂ ಹೋಗಿಲ್ವೇನವ್ವ?"

"ಒಬ್ಬ ಉಳ್ಕೊಂಡಿದಾನೆ ಅಜ್ಜಿ," ಎಂದು ಎಲಿಯಾನ್ ಅವಳ ಕಿವಿಯ ಹತ್ತಿರ ಕೂಗಿ ಹೇಳಿದಳು. "ಒಂದು ಏಣಿ ಕೊಡ್ತೀಯಾ?"

ಹಣ್ಣು ಕೀಳುವ ಉದ್ದ ಏಣಿಯನ್ನು ಇಬ್ಬರೂ ಹೊತ್ತು ತಂದು ನಿಲ್ಲಿಸಿದರು. ಮೇಲೆ ಉಳಿದಿದ್ದ ಮೆಟ್ಟಿಲುಗಳಿಗೆ ಏಣಿ ಗಟ್ಟಿಯಾಗಿ ಕೂತಿತು. ಆದರೆ ನೊಯೆಲ್ ಇಳಿಯುವ ಬದಲು, ಒಂದು ಗಳಿಗೆ ನೀನೇ ಮೇಲೆ ಬಾ ಎಂದು ಕರೆದ. ಅವನ ದನಿ ಹೇಗೋ ಇತ್ತು. ಎಲಿಯಾನ್ ಹತ್ತಿದಳು.

ಕಿಟಕಿಯ ಮೇಲಿನ ಅಡ್ಡಗಲ್ಲನ್ನು ಅವನು ಅಂಗೈಯಿಂದ ಸವರುತ್ತ ನಿಂತಿದ್ದ. ಕೆಲಸ ಕಲಿಯುತ್ತಿದ್ದ ವಯಸ್ಸಿನಲ್ಲಿ, ಈ ಹಳೇ ಗೋಡೆಯನ್ನು ದುರಸ್ತಿ ಮಾಡುವಾಗ, ಅವನು ಕೂರಿಸಿದ ಮೊದಲ ದೊಡ್ಡ ಕಲ್ಲು ಅದು. ಕೂದಲೆಳೆಯಷ್ಟೂ ಕದಲಿರಲಿಲ್ಲ. ಕೆಳಗೆ ನದಿ ಬಳುಕಿ ಹೋಗುತ್ತಿತ್ತು, ಆಚೆ ದಡದ ಹುಲ್ಲುಗಾವಲು ಆಗಷ್ಟೇ ಕೊಯ್ದದ್ದು, ರಸ್ತೆ ದಾರದಷ್ಟು ತೆಳ್ಳಗೆ ಕಾಣುತ್ತಿತ್ತು. ಪ್ರತಿ ಭಾನುವಾರ ಇದರ ಕೆಳಗೇ ಹೋಗಿದ್ದೇನೆ, ಒಂದು ದಿನವೂ ತಲೆಯೆತ್ತಿಲ್ಲ, ಇವತ್ತು ನಿಧಾನಕ್ಕೆ ವ್ಯಾನ್ ಓಡಿಸುತ್ತ ಬರುವಾಗ ತಟ್ಟನೆ ಕಂಡಿತು, ಮುಟ್ಟಿ ನೋಡೋಣವೆಂದು ಹತ್ತಿದೆ, ಎಂದು ಅವನು ಹೇಳಿದ.

"ನಾನು ಎಷ್ಟೋ ಸಲ ಇಲ್ಲೇ ವ್ಯಾನ್ ನಿಲ್ಸಿ ನೋಡ್ತಾ ಕೂತಿರ್ತಿದ್ದೆ," ಎಂದಳು ಎಲಿಯಾನ್.

"ನಂಗೆ ಹೇಳ್ಲೇ ಇಲ್ವಲ್ಲೇ."

"ಹೇಳ್ದೆ. ನೀನು ಎದುರುಗಾಳಿ ಅಂದೆ."

ಅವನು ಸರಿದು ಅವಳಿಗೂ ಜಾಗ ಬಿಟ್ಟ. ಸ್ವಲ್ಪ ಹೊತ್ತು ಇಬ್ಬರೂ ಆ ಕಿಟಕಿಯಲ್ಲಿ ಒತ್ತಿಕೊಂಡು ನಿಂತರು. ಕೆಳಗಿನಿಂದ ಹೊನೊರಿನ್, ಏಣಿ ನಾನು ಎಷ್ಟು ಹೊತ್ತು ಹಿಡಿದುಕೊಂಡಿರಲಿ, ಅಲ್ಲೇ ಸಂಸಾರ ಹೂಡುತ್ತೀರಾ ಎಂದು ವಿಚಾರಿಸಿದಳು.

ಕೆಳಗಿಳಿದು ಮುದುಕಿಗೆ ಒಂದು ಪೈ ಕೊಟ್ಟರು. ಸೈಕಲ್ಲನ್ನು ವ್ಯಾನಿನೊಳಗೆ ಹಾಕೋಣ ಎಂದ ನೊಯೆಲ್. ಎಲಿಯಾನ್ ಒಪ್ಪಲಿಲ್ಲ. ಗಾಳಿ ಈಗ ಮತ್ತೆ ಎದುರಿಗಿತ್ತು, ಕಾಲು ಸೋತಿದ್ದವು, ಆದರೂ ಈ ದಾರಿ ಕಾಲಲ್ಲೇ ಮುಗಿಸುತ್ತೇನೆ ಎಂದು ಹೊರಟಳು. ನೊಯೆಲ್ ಸ್ವಲ್ಪ ದೂರ ಹಿಂದೆ ಬಂದ. ಹೆಂಡತಿ ಸೈಕಲ್ ತುಳಿಯುವುದನ್ನು ಅವನು ಸರಿಯಾಗಿ ನೋಡಿದ್ದು ಅದೇ ಮೊದಲು. ನೆಟ್ಟಗಿನ ಬೆನ್ನು, ಒಂದೇ ಸಮನೆ ತಿರುಗುವ ಉದ್ದ ಕಾಲು. ಆಮೇಲೆ ಅವಳನ್ನು ದಾಟಿ ಮುಂದೆ ಹೋಗಿ, ಅವಳಿಗೆ ಗಾಳಿ ತಾಗದಂತೆ ವ್ಯಾನನ್ನು ಮರೆ ಮಾಡಿಕೊಂಡು ಅವಳ ವೇಗಕ್ಕೇ ಓಡಿಸಿದ. ಹಿಂದೆ ಎರಡು ಟ್ರ್ಯಾಕ್ಟರುಗಳು ಹಾರನ್ ಹೊಡೆದವು. ಅವನು ಕಿಟಕಿಯಿಂದ ಕೈ ಹೊರಗೆ ಹಾಕಿ, ಬೇಕಾದರೆ ದಾಟಿಕೊಂಡು ಹೋಗಿ ಎಂದು ಸನ್ನೆ ಮಾಡಿದ.

ಮಠದಲ್ಲಿ ಗಂಡಸರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಎಲಿಯಾನಳಿಗೋ ಪೈಗೋ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ವೆಸಾದ್ ಬಾಯಿ ತುಂಬಿಕೊಂಡೇ ಅವಳ ಲೋಟಕ್ಕೆ ವೈನ್ ಬಗ್ಗಿಸಿದ. ಸಂಜೆ ಗುಡ್ಡದ ಕಡಿದಾದ ಏರಿನಲ್ಲಿ ಅವಳು ಇಳಿದು ಸೈಕಲ್ ನೂಕಿಕೊಂಡು ನಡೆದಳು. ಯಾರೂ ಆಡಿಕೊಳ್ಳಲಿಲ್ಲ. ಅಷ್ಟು ತಿಂದಮೇಲೆ ಅವರೆಲ್ಲರೂ ನಡೆಯುತ್ತಲೇ ಇದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ನೊಯೆಲನ ಭುಜ ಕೂಡಿತು. ಸೈಕಲ್ ವಾಪಸು ಕೊಡೆಂದು ಅವನು ಕೇಳಲಿಲ್ಲ, ತನ್ನ ಅಳತೆಯದೊಂದನ್ನು ಬೇರೆ ಕೊಂಡ. ವ್ಯಾನ್ ನಡೆಸುವ ಕೆಲಸ ಸಂಘದವರಿಗೆಲ್ಲ ಸರದಿಯಾಯಿತು. ನೊಯೆಲನಿಗೆ ಗೋಡೆ ಕಂಡಲ್ಲೆಲ್ಲ ನಿಲ್ಲುವ ಚಟ ಹತ್ತಿಕೊಂಡು, ಅವನು ಊಟಕ್ಕೆ ಎಲ್ಲರಿಗಿಂತ ಕೊನೆಗೆ ತಲುಪತೊಡಗಿದ. ಬಂದವನು ತಾನು ಕಂಡದ್ದನ್ನು ಹೆಂಡತಿಗೆ ಹೇಳುತ್ತ ಊಟ ಮಾಡುತ್ತಿದ್ದ.

ಎಲಿಯಾನಳ ಕುರ್ಚಿಯಲ್ಲಿ ತಲೆ ಒಡ್ಡಿ ಕೂತ ಹೆಂಗಸರು ಈ ಕತೆಯನ್ನು ಕೇಳಿದ್ದೇ ಕೇಳಿದ್ದು. ಮುಂದಿನ ವಸಂತದಲ್ಲಿ ಒಬ್ಬಳು ಅಣ್ಣನ ಸೈಕಲ್ ತಂದಳು, ಇನ್ನೊಬ್ಬಳು ಅತ್ತೆಯದನ್ನು. ಪ್ರತಿ ಸೋಮವಾರ, ಶನಿವಾರವಷ್ಟೇ ತಿದ್ದಿ ತೀಡಿಸಿಕೊಂಡ ಕೂದಲನ್ನು ಗಾಳಿಗೆ ಕೊಟ್ಟು, ಆ ಹೆಂಗಸರ ಸಾಲು ನಗುತ್ತ ಹರಟುತ್ತ ಮಾಂಸದಂಗಡಿಯ ಮುಂದೆ ಹಾದುಹೋಗುತ್ತಿತ್ತು. ಒಂದು ಸೋಮವಾರ ವೆಸಾದ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ನಿಮ್ಮ ಊಟ ಯಾರು ತರುತ್ತಾರೆ ಎಂದು ಕೇಳಿದ. ಅವರವರ ಬುತ್ತಿ ಅವರವರೇ ಕಟ್ಟಿಕೊಂಡಿದ್ದೇವೆ ಎಂದು ಹಿಂದಿನವಳು ಹೇಳಿ ಮುಗಿಸುವಷ್ಟರಲ್ಲಿ ಮುಂದಿನವಳು ಸೇತುವೆ ದಾಟಿದ್ದಳು.