ಕುಪ್ಪಳಿಸಿದ್ದು ಯಾರು?

ಬೆಳಿಗ್ಗೆ ಆರೂವರೆ. ಆಸ್ಪತ್ರೆಯ ಮೊದಲ ಮಹಡಿಯ ಕಟ್ಟಕಡೆಗೆ, ಒಂದು ಕಾಲಕ್ಕೆ ಹಾಸಿಗೆಯ ಬಟ್ಟೆ ಜೋಡಿಸಿಡುತ್ತಿದ್ದ ಕೋಣೆಯಲ್ಲಿ, ಐವತ್ತಮೂರು ವರ್ಷದ ನರ್ಸ್ ಒಬ್ಬರು ಫೋನಿಗೆ ಕಿವಿಯಾನಿಸಿ ಕೂತಿದ್ದಾರೆ. ನೋಯುವ ಎಡಮಂಡಿಯನ್ನು ಎದುರಿನ ಸ್ಟೂಲಿನ ಮೇಲೆ ಚಾಚಿದ್ದಾರೆ. ಮುಂದೆ ಪಕ್ಕದಲ್ಲಿ ಕೂತವರಿಗೂ ಕೇಳಿಸುವಷ್ಟು ಜೋರು ದನಿಯ, ಹಳೇ ಕಾಲದ ವೈರಿನ ಫೋನು, ಪಕ್ಕದಲ್ಲಿ ಅಂಚು ಹರಿದ ನೋಟ್‌ಬುಕ್ಕು.

"ಫೋನ್ ನೆಲದ ಮೇಲಿಡಿ. ಈಗ ಬಲಗಾಲಲ್ಲಿ ಎರಡು ಸಲ ಕುಪ್ಪಳಿಸಿ. ನಾಚ್ಕೋಬೇಡಿ, ನಂಗೆ ಕಾಣಿಸಲ್ಲ, ಕೇಳಿಸುತ್ತೆ ಅಷ್ಟೇ."

ಧೊಪ್, ಧೊಪ್. ಆಮೇಲೆ ಅವರು ಉಸಿರು ಬಿಗಿಹಿಡಿದು ಕಾಯುತ್ತಾರೆ. ಕುಪ್ಪಳಿಸಿದವರ ಬಾಯಿಂದ ಏನಾದರೂ 'ಸ್ಸ್' ಅಂತ ಬಂತೇ, ಉತ್ತರ ಕೊಡಲು ತಡವಾಯಿತೇ ಎಂದು ಮೈಯೆಲ್ಲ ಕಿವಿಯಾಗಿ ಕೇಳುತ್ತಾರೆ. ಏನೂ ಇಲ್ಲದಿದ್ದರೆ ನೋಟ್‌ಬುಕ್ಕಿನಲ್ಲಿ ಒಂದು ಗೆರೆ, ಮುಂದಿನ ನಂಬರು. ಆಸ್ಪತ್ರೆಯಲ್ಲಿ ಇವರಿಗೆ 'ಕುಪ್ಪಳಿಸೋ ಸಿಸ್ಟರ್' ಎಂದೇ ಹೆಸರು. ಮಂಡಿಯ ದೆಸೆಯಿಂದ ಸ್ವತಃ ಒಂದು ಮೆಟ್ಟಿಲು ಹತ್ತಲೂ ಒದ್ದಾಡುವವರಿಗೆ ಈ ಹೆಸರಿಟ್ಟವರು ಯಾರೋ, ಅವರಿಗೆ ಕೆಲಸ ಕಡಿಮೆ ಇದ್ದಿರಬೇಕು.

ಉಸಿರು ಕಟ್ಟಿಸುವ ಈ ಸೋಂಕು ಊರಿಗೆಲ್ಲ ಹಬ್ಬುವ ಮೊದಲು ಇಲ್ಲಿ ಅಪೆಂಡಿಕ್ಸ್ ಊದಿಕೊಂಡು ಬಂದವರಿಗೆಲ್ಲ ಒಂದೇ ದಾರಿ ಇತ್ತು. ಹೊಟ್ಟೆ ಕುಯ್ಯಬೇಕು, ತೆಗೆಯಬೇಕು, ಹೊಲಿಯಬೇಕು. ಈಗ ಮೂರು ಆಪರೇಷನ್ ಕೋಣೆಗಳಲ್ಲಿ ಎರಡನ್ನು ಉಸಿರಾಟದ ಯಂತ್ರಗಳಿಗೆ ಬಿಟ್ಟುಕೊಟ್ಟಿದ್ದಾರೆ. ಅರಿವಳಿಕೆ ಕೊಡುವ ವೈದ್ಯರಲ್ಲಿ ಹೆಚ್ಚಿನವರು ಆ ಯಂತ್ರಗಳ ಹಿಂದೆಯೇ ಇದ್ದಾರೆ. ಹಾಗಾಗಿ ಸ್ಕ್ಯಾನ್ ಮಾಡಿ, ಅಪೆಂಡಿಕ್ಸ್ ಒಡೆದಿಲ್ಲ, ಒಳಗೆ ಕಲ್ಲಿನಂಥದ್ದು ಸಿಕ್ಕಿಕೊಂಡಿಲ್ಲ ಎಂದು ಖಾತ್ರಿಯಾದವರಿಗೆ ಎರಡು ದಿನ ಡ್ರಿಪ್ಪಿನಲ್ಲಿ ಔಷಧ, ಆಮೇಲೆ ಎಂಟು ದಿನ ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆ. ಕಳಿಸಿದ ಮೇಲೆ ಅವರನ್ನು ನೋಡುವವರು ಯಾರು? ಈ ಸಿಸ್ಟರ್. ಸಕ್ಕರೆ ಕಾಯಿಲೆ ಇರುವುದರಿಂದ ಇವರನ್ನು ಸೋಂಕಿನ ವಾರ್ಡಿಗೆ ಹಾಕುವಂತಿರಲಿಲ್ಲ. ಇಪ್ಪತ್ತಾರು ವರ್ಷ ಸರ್ಜರಿ ವಾರ್ಡ್ ನಡೆಸಿದವರ ಕೈಗೆ ಒಂದು ಫೋನು ಕೊಟ್ಟು ಮೂಲೆಗೆ ಕೂರಿಸಿದರು.

ದಿನಕ್ಕೆ ಐದಾರು ಮಂದಿ, ಒಬ್ಬೊಬ್ಬರಿಗೆ ಮೂರು ಸಲ. ಜ್ವರ ಎಷ್ಟು, ಊಟ ಸೇರಿತೇ, ಮಾತ್ರೆಯ ಹಾಳೆಯಲ್ಲಿ ಎಷ್ಟು ಗುಳಿ ಖಾಲಿ, ಕೊನೆಗೆ ಕುಪ್ಪಳಿಕೆ: ಒಳಗೆ ಊತ ಇನ್ನೂ ಇದ್ದರೆ ಕಾಲು ನೆಲಕ್ಕೆ ಬಿದ್ದೊಡನೆ ಹೊಟ್ಟೆಯ ಬಲಗಡೆ ಚುಚ್ಚುತ್ತದೆ. ಕೇಳಲು ಇದೇನು ಮಹಾ ಎನಿಸುತ್ತದೆ. ಪತ್ರಿಕೆಗೆ ಬರೆಯಲೆಂದು ಹೋಗಿ ಪಕ್ಕದಲ್ಲಿ ಒಂದು ಗಂಟೆ ಕೂತ ನನಗೇ ತಲೆ ಚಚ್ಚಿಕೊಳ್ಳುವಂತಾಯಿತು. ನೋವು ಹೋಯಿತೆಂದು ಮೂರನೇ ದಿನಕ್ಕೇ ಮಾತ್ರೆ ನಿಲ್ಲಿಸಿ, ಉಳಿದದ್ದನ್ನು ಮುಂದೆ ಯಾರಿಗಾದರೂ ಬೇಕಾದೀತೆಂದು ಡಬ್ಬಿಯಲ್ಲಿಟ್ಟ ಟೀಚರಮ್ಮ ಒಬ್ಬರು. ಸಿಸ್ಟರ್ ಫೋನ್ ಬರುವ ಹೊತ್ತಿಗೆ ಸರಿಯಾಗಿ ನೋವಿನ ಮಾತ್ರೆ ನುಂಗಿ 'ಪಾಸ್' ಆಗುವ ಲಾರಿ ಡ್ರೈವರ್ ಇನ್ನೊಬ್ಬರು. ಮತ್ತೊಂದು ಮನೆಯಲ್ಲಿ ರೋಗಿಯ ಬದಲು ಭಾವಮೈದುನ ಫೋನ್ ಎತ್ತಿ, ಇದೆಲ್ಲ ಗ್ಯಾಸು, ಬಿಸಿನೀರು ಕುಡಿದರೆ ಹೋಗುತ್ತೆ ಎಂದು ಸಿಸ್ಟರಿಗೇ ಪಾಠ ಹೇಳಿದ.

"ಪರೀಕ್ಷೆ ಬರೆಯೋರ ಹಾಗೆ ಆಡ್ತಾರೆ ಸಾರ್. ನಾನೇನು ಮಾರ್ಕ್ಸ್ ಕೊಡ್ತೀನಾ? ಹೊಟ್ಟೆ ನಿಮ್ದು ಕಣ್ರಯ್ಯಾ ಅಂತ ಗಂಟಲು ಹರ್ಕೊಂಡ್ರೂ ತಲೆಗೆ ಹೋಗಲ್ಲ."

ವೈದ್ಯರಾದರೂ ಸುಮ್ಮನಿದ್ದಾರೆಯೇ? ಹಿರಿಯ ಸರ್ಜನ್ ಪ್ರಕಾರ ಊದಿದ ಅಪೆಂಡಿಕ್ಸ್ ಹೊಟ್ಟೆಯಲ್ಲಿ ಬಿಟ್ಟು ಕಳಿಸುವುದು ಕೆಲಸ ಅರ್ಧಕ್ಕೆ ಬಿಟ್ಟಂತೆ. ಕಿರಿಯ ಸರ್ಜನ್ ಪ್ರಕಾರ ಮಾತ್ರೆಯಲ್ಲಿ ವಾಸಿಯಾಗುವವರನ್ನು ಕುಯ್ಯುವುದು ಹಟ. ಇಬ್ಬರೂ ವಾರಕ್ಕೊಮ್ಮೆ ಈ ಕೋಣೆಗೆ ಬಂದು ನೋಟ್‌ಬುಕ್ ಬಿಡಿಸುತ್ತಾರೆ. ಎಂಟು ತಿಂಗಳಲ್ಲಿ ಮಾತ್ರೆ ಕೊಟ್ಟು ಕಳಿಸಿದ್ದು ನೂರ ನಲವತ್ತಾರು ಮಂದಿಯನ್ನು. ಅವರಲ್ಲಿ ಮತ್ತೆ ನೋವೆಂದು ಬಂದು ಆಪರೇಷನ್ ಮಾಡಿಸಿಕೊಂಡವರು ಮೂವತ್ತೇಳು. ಉಳಿದ ನೂರ ಒಂಬತ್ತು ಮಂದಿ ಇದುವರೆಗೆ ಚೆನ್ನಾಗಿದ್ದಾರೆ. ಹಿರಿಯರು ಮೂವತ್ತೇಳನ್ನು ತೋರಿಸುತ್ತಾರೆ, ಕಿರಿಯರು ನೂರ ಒಂಬತ್ತನ್ನು. ಈ ಮಂಡಿನೋವಿಗೊಂದು ಒಳ್ಳೆಯ ಕುರ್ಚಿ ಬೇಕು ಎಂದು ಮಾತ್ರ ಇಬ್ಬರಿಗೂ ಇದುವರೆಗೆ ಹೊಳೆದಿಲ್ಲ.

"ಕತ್ತರಿಯೋ ಮಾತ್ರೆಯೋ ಅನ್ನೋ ಜಗಳ ಅವರದು. ಎರಡೂ ಸರಿನೇ ಇರಬಹುದು, ನಂಗೇನು ಗೊತ್ತು. ಮಾತ್ರೆ ತಗೊಂಡು ಹೋದೋನು ನಿಜ ಹೇಳ್ತಾನಾ ಅನ್ನೋದೇ ನನ್ ಚಿಂತೆ," ಎನ್ನುತ್ತಾರೆ ಸಿಸ್ಟರ್.

ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ ಇದ್ದಾರೆ. ಅವರಿಗೆ ಸೋಂಕು ತಗುಲೀತೆಂದು ಸಿಸ್ಟರ್ ಎಂಟು ತಿಂಗಳಿಂದ ಬೀದಿ ಕಡೆಯ ಸಣ್ಣ ಕೋಣೆಯಲ್ಲೇ ಮಲಗುತ್ತಾರೆ. ಮಗಳು ಊಟದ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುತ್ತಾಳೆ. ಕಾಲು ಜೋಮು ಹಿಡಿದಿದೆ ಎಂದು ಅತ್ತೆ ಒಳಗಿನಿಂದ ಕೂಗಿ ಹೇಳಿದರೆ, ಇವರು ಬಾಗಿಲಾಚೆಯಿಂದಲೇ ಯಾವಾಗಿನಿಂದ, ಎಷ್ಟು ಹೊತ್ತು ಎಂದು ಶುರು ಮಾಡುತ್ತಾರಂತೆ. ಸೊಸೆಯ ಹತ್ತಿರ ಮಾತಾಡಬೇಕು ಅಂದರೆ ಕಾಯಿಲೆಯೇ ಬರಬೇಕಾ ಎಂದು ಅತ್ತೆ ಕೇಳಿದ್ದು ಇವರಿಗೆ ಇನ್ನೂ ಚುಚ್ಚುತ್ತದೆ.

ನಾನು ಹೋದ ದಿನ ಏಳೂಕಾಲಕ್ಕೆ ಒತ್ತಿದ್ದು ಬೇಕರಿಯ ಒಲೆ ನೋಡಿಕೊಳ್ಳುವವರ ನಂಬರು. ಮಾತ್ರೆಯ ನಾಲ್ಕನೇ ದಿನ. ಜ್ವರ ಇಲ್ಲ, ಊಟ ಚೆನ್ನಾಗಿ ಸೇರಿತು, ಎಲ್ಲಕ್ಕೂ ಚುಟುಕು ಉತ್ತರ. ಕುಪ್ಪಳಿಸಿ ಎಂದರು. ಧೊಪ್, ಧೊಪ್. ತಕ್ಷಣವೇ 'ನೋವಿಲ್ಲ ಸಿಸ್ಟರ್' ಎಂಬ ಗಂಡಸಿನ ದನಿ. ನಾನಾಗಿದ್ದರೆ ಗೆರೆ ಎಳೆದು ಮುಂದೆ ಹೋಗುತ್ತಿದ್ದೆ.

ಸಿಸ್ಟರ್ ಪೆನ್ನು ಕೆಳಗಿಟ್ಟರು. "ಕುಪ್ಪಳಿಸಿದ್ದು ಯಾರು?"

ಆ ಕಡೆ ಗುಸುಗುಸು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನನಗೆ ವಿವರಿಸಿದರು: "ಫೋನ್ ಇರೋದು ನೆಲದ ಮೇಲೆ. ನಿಂತೋರ ಮಾತು ದೂರದಿಂದ ಕೇಳ್ಬೇಕು ತಾನೆ? ಇವರದು ಕಿವೀಲೇ ಹೇಳಿದ ಹಾಗೆ ಕೇಳಿಸ್ತು. ಅಂದ್ರೆ ಮಲಗಿದ್ದಾರೆ. ಏದುಸಿರು ಬಿಡ್ತಿರೋದು ಬೇರೆ ಯಾರೋ."

ಬೇರೆ ಯಾರೋ ಅಂದರೆ ಹೆಂಡತಿ. ಕೊನೆಗೆ ಆಕೆಯೇ ಅಳುತ್ತ ಒಪ್ಪಿಕೊಂಡರು. ಎರಡು ದಿನದಿಂದ ಗಂಡನ ಬದಲು ತಾವೇ ಕುಪ್ಪಳಿಸುತ್ತಿದ್ದಾರೆ. ಗಂಡನಿಗೆ ನಿನ್ನೆಯಿಂದ ಮೈ ಸುಡುತ್ತಿದೆ, ಮಗ್ಗುಲು ತಿರುಗಲೂ ಆಗುತ್ತಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ ಆಣೆ ಎಂದಿದ್ದಾರಂತೆ.

ಸಿಸ್ಟರ್ ದನಿ ಏರಿತು. "ಏನಮ್ಮಾ ತಾಯಿ, ಅವರ ಅಡುಗೆ ಮಾಡು, ಬಟ್ಟೆ ಒಗೆ. ಅವರ ಹೊಟ್ಟೆನೋವನ್ನೂ ನೀನೇ ಪಡೋಕಾಗುತ್ತಾ? ಫೋನ್ ಕೊಡು ಅವರಿಗೆ."

ಅವರು ಫೋನಿಗೆ ಬಂದರು. ಬರುವುದಿಲ್ಲ ಎನ್ನಲು ಅವರಿಗೆ ಕಾರಣವಿತ್ತು. ಹೋದ ತಿಂಗಳು ಅವರ ಅಣ್ಣ ಜ್ವರವೆಂದು ಇದೇ ಆಸ್ಪತ್ರೆಗೆ ನಡೆದುಕೊಂಡೇ ಬಂದವರು ತಿರುಗಿ ಮನೆಗೆ ಹೋಗಲಿಲ್ಲ. ಮುಖ ನೋಡಲೂ ಬಿಡಲಿಲ್ಲವಂತೆ. ಸತ್ತರೆ ಮನೆಯಲ್ಲೇ ಸಾಯುತ್ತೇನೆ ಎಂದರು. ಬೈಗುಳವನ್ನು ತುದಿನಾಲಿಗೆಯಲ್ಲೇ ಇಟ್ಟುಕೊಂಡಿದ್ದ ಸಿಸ್ಟರ್ ಅದನ್ನು ನುಂಗಿಕೊಂಡರು.

"ಅಣ್ಣನ ವಿಷಯ ನಂಗೆ ಗೊತ್ತಿರ್ಲಿಲ್ಲ ಕಣಪ್ಪಾ. ಮುಂದಿನ ಬಾಗಿಲಿಗೆ ಬರಬೇಡಿ. ಹಿಂದೆ ಬಟ್ಟೆ ಒಗೆಯೋ ಕಡೆ ಒಂದು ಬಾಗಿಲಿದೆ, ಅಲ್ಲಿ ಸೋಂಕಿನವರು ಓಡಾಡಲ್ಲ. ನಾನೇ ನಿಂತಿರ್ತೀನಿ. ನಿಮ್ಮ ಹೆಂಡತಿಗೆ ನಿಮ್ಮ ಮುಖ ತೋರಿಸೋದು ನನ್ನ ಜವಾಬ್ದಾರಿ."

ಫೋನಿಟ್ಟವರೇ ಆ್ಯಂಬುಲೆನ್ಸಿಗೂ ಆಪರೇಷನ್ ಕೋಣೆಗೂ ಹೇಳಿ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ನಾನು ಕೈ ಹಿಡಿದು ಇಳಿಸಲು ಹೋದರೆ, ದೂರ ನಿಂತುಕೊಳ್ಳಿ ಸಾರ್ ಎಂದು ಗದರಿದರು. ಮುಕ್ಕಾಲು ಗಂಟೆ ಆ ಹಿಂಬಾಗಿಲಲ್ಲಿ ನಿಂತೇ ಕಾದರು. ಬೇಕರಿಯವರು ಬಂದಾಗ ನೋವಿಗೆ ಮುದುಡಿ ಬಾಗಿದ್ದರು. ಆಪರೇಷನ್ ಮಾಡಿದ್ದು ಮಾತ್ರೆಯ ಪಕ್ಷದ ಕಿರಿಯ ಸರ್ಜನ್ನೇ. ಅಪೆಂಡಿಕ್ಸ್ ಕೊಳೆತು ಒಡೆಯುವುದರಲ್ಲಿತ್ತು, ಸಂಜೆಯವರೆಗೆ ತಡೆಯುತ್ತಿರಲಿಲ್ಲ ಎಂದರು. ಮಧ್ಯಾಹ್ನ ಸಿಸ್ಟರ್ ಹೆಂಡತಿಯನ್ನು ಕರೆದುಕೊಂಡು ಹೋಗಿ, ಗಾಜಿನಾಚೆ ಮಲಗಿದ್ದ ಗಂಡನ ಮುಖ ತೋರಿಸಿದರು. ಆಮೇಲೆ ಬಂದು ಮೂವತ್ತೇಳನ್ನು ಮೂವತ್ತೆಂಟು ಎಂದು ತಿದ್ದಿದರು.

ವಾರ ಬಿಟ್ಟು ಮತ್ತೆ ಹೋದೆ. ಕೋಣೆ ಅದೇ, ಕುರ್ಚಿಯೂ ಅದೇ. ಬೇಕರಿಯವರು ಮನೆ ಸೇರಿದ್ದಾರೆ. ನನ್ನೆದುರೇ ಅವರಿಗೆ ಫೋನ್ ಹೋಯಿತು. ಗಾಯ ಒಣಗಿದೆಯೇ, ಜ್ವರ ಇದೆಯೇ ಎಂದು ಸಿಸ್ಟರ್ ಕೇಳುತ್ತಿರುವಾಗಲೇ ಆ ಕಡೆಯಿಂದ ಫೋನು ನೆಲಕ್ಕಿಟ್ಟ ಸದ್ದು. ಧೊಪ್. ಹಿಂದೆಯೇ ದೂರದಿಂದ, ನಿಂತವರ ದನಿಯಲ್ಲಿ, 'ಅಯ್ಯಪ್ಪಾ' ಎಂಬ ನರಳಾಟ.

"ಹೊಲಿಗೆ ಬಿಚ್ಕೊಳ್ಳುತ್ತೆ ಕಣ್ರೀ! ಯಾರ್ರೀ ಕುಪ್ಪಳಿಸೋಕೆ ಹೇಳಿದ್ದು?"

"ನಾನೇ ಸಿಸ್ಟರ್, ಈ ಸಲ ನಾನೇ," ಎಂದರು ಅವರು.

ಸಿಸ್ಟರ್ ಫೋನಿಟ್ಟು ಹಣೆ ಚಚ್ಚಿಕೊಂಡರು. ನಕ್ಕರು ಎಂದೂ ಹೇಳಬಹುದು, ಮಾಸ್ಕಿನೊಳಗೆ ತಿಳಿಯುವುದಿಲ್ಲ. ನಿಮಗೇನು ಬೇಕು ಎಂದು ಬರೆಯಲಿ, ಒಳ್ಳೇ ಕುರ್ಚಿಯೇ ಎಂದು ಕೇಳಿದೆ. ಅವರು ಆಗಲೇ ಮುಂದಿನ ನಂಬರು ಒತ್ತುತ್ತಿದ್ದರು.

"ಕುರ್ಚಿ ಇರ್ಲಿ ಬಿಡಿ ಸಾರ್. ಅವರವರೇ ಕುಪ್ಪಳಿಸಲಿ. ನಂಗೆ ಅಷ್ಟು ಸಾಕು."